ಹೆಗಲ ಮೇಲಿನ ನೇರಳೆ

ಕೊಡಗಿನಲ್ಲಿ ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದು ಮೂರು ದಿನ ಆಯಿತು. ಹೆಗಲ ಮೇಲೆ ನೇರಳೆ ಹಣ್ಣಿನ ಬಣ್ಣದ ಕಲೆ ಇನ್ನೂ ಹೋಗಿಲ್ಲ. ಕೋವಿಯಿಂದ ಗುರಿಯಿಟ್ಟು ಹೊಡೆದ ತೆಂಗಿನಕಾಯಿಯಂತೂ ಅಲುಗಾಡಲಿಲ್ಲ, ಅಲುಗಾಡಿದ್ದು ನಾನು!

"ನಿನಗೆ 36 ಗ್ರಾಂ ತೋಟೆ ಕೊಟ್ಟವರು ಯಾರು?" ಅಂತ ದೊಡ್ಡಪ್ಪ ಬೈದರು. ತೋಟೆ ಅಂದರೆ ಕೋವಿಗೆ ತುಂಬುವ ಕಾಟ್ರಿಜ್. ಆಮೇಲೆ ತೋಟೆ ಡಬ್ಬಿಯ ಮೇಲೆ ಬರೆದದ್ದನ್ನು ಓದುವುದನ್ನು ಹೇಳಿಕೊಟ್ಟರು. ಗ್ರಾಂ ಅಂದರೆ ಒಳಗಿನ ಚರೆಯ, ಅಂದರೆ ಸಣ್ಣ ಗುಂಡುಗಳ, ಒಟ್ಟು ತೂಕ. ಚರೆ ಎಷ್ಟು ಭಾರವೋ, ಎಷ್ಟು ಜೋರಾಗಿ ಮುಂದೆ ಹೋಗುತ್ತದೋ, ಕೋವಿ ಅಷ್ಟೇ ಜೋರಾಗಿ ಹಿಂದಕ್ಕೆ ಒದೆಯುತ್ತದೆ. ಒಲಿಂಪಿಕ್ಸ್‌ನ ಟ್ರ್ಯಾಪ್, ಸ್ಕೀಟ್ ಎಂಬ ಕೋವಿ ಸ್ಪರ್ಧೆಗಳಲ್ಲಿ 24 ಗ್ರಾಂ ದಾಟುವ ಹಾಗೇ ಇಲ್ಲವಂತೆ. ಅಷ್ಟರಲ್ಲೇ ಹಾರುವ ತಟ್ಟೆ ಪುಡಿ ಮಾಡುತ್ತಾರೆ. ನಾನು ಸುಮ್ನೆ ಭಾರದ್ದು ಹಾಕಿದರೆ ಕಾಯಿ ಬೇಗ ಒಡೆಯುತ್ತದೆ ಅಂದುಕೊಂಡಿದ್ದೆ.

ಕೋವಿಯ ತೂಕವೂ ಲೆಕ್ಕಕ್ಕೆ ಬರುತ್ತದೆ. ಹಗುರ ಕೋವಿ ಹೊರಲು ಸುಖ, ಹೊಡೆಯಲು ಕಷ್ಟ. ಕೋವಿಯ ಹಿಂಬದಿಯ ಮರದ ಹಿಡಿಯನ್ನು ಹೆಗಲಿಗೆ ಒತ್ತಿ ಹಿಡಿಯದಿದ್ದರೆ ಹಗುರ ತೋಟೆಯೂ ಗುದ್ದುತ್ತದೆ.

ಇನ್ನೊಂದು ವಿಷಯ. ಹಗುರ ತೋಟೆ ಅಂದ ತಕ್ಷಣ ಹಳೇ ಕೋವಿಗೆ ಆಗುತ್ತದೆ ಅಂತಲ್ಲ. ಡಬ್ಬಿ ಮೇಲಿನ 70 ಮಿ.ಮೀ. ಅನ್ನುವುದು ತೋಟೆ ಹಾರಿಸಿದಾಗ ಅದರ ಮಡಚಿದ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ತೋಟೆ ಕೂರುವ ಕೋಣೆ 65 ಮಿ.ಮೀ. ಇರುವ ಕೋವಿಗೂ ಅದು ಸಲೀಸಾಗಿ ಒಳಗೆ ಹೋಗಿಬಿಡಬಹುದು. ಆದರೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಅಜ್ಜನ ಕೋವಿ ಪೂಜೆಗೆ ಮಾತ್ರ ಯಾಕೆ ಇಳಿಯುತ್ತದೆ ಅಂತ ಈಗ ಗೊತ್ತಾಯಿತು.

ಹೆಗಲಿಗೆ ಎಣ್ಣೆ ಹಚ್ಚುತ್ತಾ ಅಮ್ಮ ಕೇಳಿದರು, "ಮುಂದಿನ ವರ್ಷ ಹಗ್ಗ ಜಗ್ಗಾಟಕ್ಕೆ ಸೇರಬಾರದಾ?"