‘ಈಸ್’ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು?

ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಇಂಟರ್‌ವ್ಯೂಗೆ ತಯಾರಾಗುವವರು, ಪ್ರಮೋಷನ್ ಸಿಕ್ಕಿ ಇಮೇಲ್ ಬರೆಯಬೇಕಾದವರು, ಮಕ್ಕಳ ಹೋಮ್‌ವರ್ಕ್ ನೋಡಿ ಗಾಬರಿಯಾದ ತಾಯಂದಿರು, ಎಲ್ಲರೂ ಬರುತ್ತಾರೆ. ಬಂದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳೇ ಕೇಳುತ್ತಾರೆ: “ಮೇಡಂ, ಈ ಈಸ್, ಆಮ್, ಆರ್ ಎಲ್ಲಿ ಹಾಕ್ಬೇಕು, ಎಲ್ಲಿ ಬಿಡ್ಬೇಕು? ಒಂದು ಕಡೆ ಹಾಕಿದ್ರೆ ತಪ್ಪು ಅಂತೀರ, ಇನ್ನೊಂದು ಕಡೆ ಬಿಟ್ರೂ ತಪ್ಪು ಅಂತೀರ.”

ಗ್ರಾಮರ್ ಪುಸ್ತಕಗಳು ಇವನ್ನು ‘ಲಿಂಕಿಂಗ್ ವರ್ಬ್’ ಅಂತ ಕರೆದು ಒಂದು ಪಟ್ಟಿ ಕೊಡುತ್ತವೆ. ಬಾಯಿಪಾಠ ಮಾಡಿ ಅನ್ನುತ್ತವೆ. ನನಗೆ ಆ ಪಟ್ಟಿಯ ಮೇಲೆ ಅಷ್ಟು ನಂಬಿಕೆ ಇಲ್ಲ. ತೊಡಕು ಹುಟ್ಟುವುದೇ ನಮ್ಮ ಕನ್ನಡದಿಂದ, ಬಿಡಿಸುವ ದಾರಿಯೂ ಅಲ್ಲೇ ಇದೆ.

‘ಅವಳು ಡಾಕ್ಟರ್.’ ಇದು ಪೂರ್ತಿ ವಾಕ್ಯ. ಕ್ರಿಯಾಪದವೇ ಇಲ್ಲ, ಆದರೂ ಯಾರಿಗೂ ಏನೂ ಕಮ್ಮಿ ಅನ್ನಿಸಲ್ಲ. ತಮಿಳು, ತೆಲುಗಿನಲ್ಲೂ ಹೀಗೇ. ರಷ್ಯನ್, ಅರಬ್ಬಿಯಲ್ಲೂ ವರ್ತಮಾನಕಾಲಕ್ಕೆ ಹೀಗೇ. ಹಿಂದಿಯವರಿಗೆ ‘ಹೈ’ ಬೇಕೇ ಬೇಕು, ಹಾಗಾಗಿ ಈ ಒಂದು ವಿಷಯದಲ್ಲಿ ಅವರು ನಮಗಿಂತ ಪುಣ್ಯವಂತರು. ಇಂಗ್ಲಿಷಿನಲ್ಲಿ ವಾಕ್ಯ ಅಂದಮೇಲೆ ಕಾಲ ತೋರಿಸುವ ಕ್ರಿಯಾಪದ ಒಂದು ಇರಬೇಕು. ಕೆಲಸ ಏನೂ ನಡೆಯದಿದ್ದರೂ ಆ ಜಾಗ ಖಾಲಿ ಬಿಡುವ ಹಾಗಿಲ್ಲ. ಅದಕ್ಕೇ ‘ಶೀ ಈಸ್ ಎ ಡಾಕ್ಟರ್’. ಅವಳು ಯಾರು ಅಂತ ಹೇಳುವ ಮಾತನ್ನು ಅವಳಿಗೆ ಜೋಡಿಸುವುದಷ್ಟೇ ಇಲ್ಲಿ ‘ಈಸ್’ ಮಾಡುವ ಕೆಲಸ.

ಗಮನಿಸಿ ನೋಡಿ, ‘ವಾಸ್’ ಅನ್ನು ಮರೆಯುವವರು ಬಹಳ ಕಮ್ಮಿ. ‘ಶೀ ಡಾಕ್ಟರ್’ ಅನ್ನುವವರೇ ಹಳೆಯ ಕಾಲದ ಮಾತು ಬಂದರೆ ‘ಶೀ ವಾಸ್ ಡಾಕ್ಟರ್’ ಅನ್ನುತ್ತಾರೆ. (‘ಎ’ ಬಿಟ್ಟುಬಿಡುತ್ತಾರೆ, ಅದು ಬೇರೆ ಕಥೆ.) ಯಾಕಂದರೆ ಕನ್ನಡದಲ್ಲೂ ಅಲ್ಲಿ ‘ಡಾಕ್ಟರ್ ಆಗಿದ್ದಳು’ ಅಂತ ಕ್ರಿಯಾಪದ ಬಂದುಬಿಡುತ್ತೆ. ಕನ್ನಡ ಬಿಟ್ಟ ಕಡೆ ನಾವೂ ಬಿಡುತ್ತೇವೆ, ಅಷ್ಟೇ.

ಹಾಗಾದರೆ ಗುರುತಿಸುವುದು ಹೇಗೆ? ನಾನು ಹೇಳಿಕೊಡುವ ಉಪಾಯ ಇದು. ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ‘ಇಲ್ಲ’ ಅನ್ನುವ ಹಾಗೆ ತಿರುಗಿಸಿ. ‘ಅವಳು ಡಾಕ್ಟರ್ ಅಲ್ಲ.’ ‘ಅವಳು ಮನೇಲಿ ಇಲ್ಲ.’ ‘ಸಾರು ಬಿಸಿ ಇಲ್ಲ.’ ಹೀಗೆ ‘ಅಲ್ಲ’, ‘ಇಲ್ಲ’ ತಾವಾಗಿಯೇ ನಿಂತರೆ ಇಂಗ್ಲಿಷಿನಲ್ಲಿ ಈಸ್, ಆಮ್, ಆರ್ ಬೇಕು. ಅವು ಒಂದು ಕೆಲಸದ ಪದಕ್ಕೆ ಅಂಟಿಕೊಂಡರೆ, ಅಂದರೆ ‘ಹೋಗಲ್ಲ’, ‘ತಿನ್ನಲ್ಲ’ ಅಂತಾದರೆ (ಹುಬ್ಬಳ್ಳಿ ಕಡೆಯವರು ‘ಹೋಗಂಗಿಲ್ಲ’ ಅಂದುಕೊಳ್ಳಿ), ಅಲ್ಲಿ ಈಸ್‌ಗೆ ಜಾಗವಿಲ್ಲ. ‘ಅವಳು ಮೀನು ತಿನ್ನಲ್ಲ’ ಅಂದರೆ ‘ಶೀ ಡಸ್ ನಾಟ್ ಈಟ್ ಫಿಶ್’.

ಒಂದು ಕಡೆ ಮಾತ್ರ ಈ ಉಪಾಯ ಕೈಕೊಡುತ್ತೆ. ‘ನನ್ನ ಹತ್ರ ದುಡ್ಡಿಲ್ಲ’, ‘ನನಗೆ ಜ್ವರ ಇಲ್ಲ’. ಯಾರ ಹತ್ರ, ಯಾರಿಗೆ ಅನ್ನುವ ಮಾತು ಬಂದರೆ ಸಾಮಾನ್ಯವಾಗಿ ‘ಹ್ಯಾವ್’ ಬೇಕು. ಆದರೆ ‘ನನಗೆ ಹಸಿವಾಗಿದೆ’ ಮತ್ತೆ ‘ಐ ಆಮ್ ಹಂಗ್ರಿ’. ಕನ್ನಡದಲ್ಲಿ ಹಸಿವು ನನ್ನ ಹತ್ತಿರ ಬರುತ್ತೆ, ಇಂಗ್ಲಿಷಿನಲ್ಲಿ ನಾನೇ ಹಸಿದವಳು. ಇಂಥವನ್ನು ರೂಢಿ ಮಾಡಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ಇನ್ನು ‘ಐ ಆಮ್ ಗೋ ಟು ಆಫೀಸ್ ಡೈಲಿ’. ‘ಈಸ್ ಬಿಡಬೇಡಿ’ ಅಂತ ಬೈಸಿಕೊಂಡವರು ಆಮೇಲೆ ಹೆದರಿ ಎಲ್ಲಾ ಕಡೆ ಹಾಕುತ್ತಾರೆ. ‘ಗೋ’ ಆಗಲೇ ಕ್ರಿಯಾಪದದ ಜಾಗದಲ್ಲಿ ಕೂತಿದೆ. ಮೇಲಿನ ಉಪಾಯದಲ್ಲೂ ‘ಹೋಗಲ್ಲ’ ಅಂತ ಬರುತ್ತೆ, ಹಾಗಾಗಿ ‘ಆಮ್’ ಬೇಡ. ‘ಐ ಆಮ್ ಗೋಯಿಂಗ್’ ಅಂದಾಗ ‘ಆಮ್’ ಇದೆಯಲ್ಲ ಅಂತ ಕೇಳಿದರೆ, ಅಲ್ಲಿ ಅದು ‘ಗೋ’ಗೆ ಸಹಾಯಕ, ಜೋಡಿಸುವ ಕೆಲಸ ಅದರದ್ದಲ್ಲ.

ಆಮ್, ಈಸ್, ವಾಸ್, ಬಿ ಒಂದಕ್ಕೊಂದು ಹೋಲಿಕೆಯೇ ಇಲ್ಲವಲ್ಲ ಅಂತಲೂ ಕೆಲವರು ಕೇಳುತ್ತಾರೆ. ಬೇರೆ ಬೇರೆ ಹಳೆಯ ಧಾತುಗಳು ಸೇರಿ ಒಂದೇ ಕ್ರಿಯಾಪದ ಆಗಿರುವುದರಿಂದ ಹೀಗೆ. ಅವುಗಳ ನೆಂಟರು ಸಂಸ್ಕೃತದಲ್ಲೂ ಇದ್ದಾರೆ. ಆಮ್, ಈಸ್‌ಗೆ ‘ಅಸ್ಮಿ’, ‘ಅಸ್ತಿ’. ಬಿ‌ಗೆ ‘ಭವತಿ’. ವಾಸ್‌ಗೆ ನಾವು ವಾಸ, ವಸತಿ ಅನ್ನುವ ಪದಗಳ ‘ವಸ್’.

ಇಷ್ಟು ಸಲೀಸು. ಜಾಸ್ತಿ ಕಾಡುವುದು ಟೇಸ್ಟ್, ಸ್ಮೆಲ್, ಲುಕ್, ಫೀಲ್, ಸೌಂಡ್. ಇವು ಒಮ್ಮೆ ಕೆಲಸ ಮಾಡುತ್ತವೆ, ಇನ್ನೊಮ್ಮೆ ಬರೀ ಜೋಡಿಸುತ್ತವೆ. ಅಮ್ಮ ಸೌಟಿನಿಂದ ಅಂಗೈಗೆ ಎರಡು ಹನಿ ಸಾರು ಬಿಟ್ಟುಕೊಂಡು ನೆಕ್ಕಿ ನೋಡುತ್ತಾರೆ. ‘ಅಮ್ಮ ಟೇಸ್ಟ್ಸ್ ದ ಸಾರು.’ ಇಲ್ಲಿ ಕೆಲಸ ನಡೆದಿದೆ. ಉಪ್ಪು ಜಾಸ್ತಿ. ‘ದ ಸಾರು ಟೇಸ್ಟ್ಸ್ ಸಾಲ್ಟಿ.’ ಸಾರು ಏನು ಮಾಡಿತು? ಏನೂ ಇಲ್ಲ, ಪಾತ್ರೆಯಲ್ಲಿ ಸುಮ್ನೆ ಇದೆ. ಎರಡರಲ್ಲೂ ‘ಟೇಸ್ಟ್ಸ್’ ತೆಗೆದು ‘ಈಸ್’ ಹಾಕಿ ನೋಡಿ. ‘ದ ಸಾರು ಈಸ್ ಸಾಲ್ಟಿ’ ಸರಿಯಾಗೇ ಇದೆ, ಅಂದರೆ ಅಲ್ಲಿ ಟೇಸ್ಟ್ ಲಿಂಕಿಂಗ್ ವರ್ಬ್. ‘ಅಮ್ಮ ಈಸ್ ದ ಸಾರು’ ಅಂದರೆ ಅಮ್ಮನೇ ಸಾರಾಗಿಬಿಟ್ಟರು.

ಇದು ಗೊತ್ತಿರಬೇಕಾದ್ದು ಯಾಕೆ ಅಂದರೆ, ಅದರ ಮುಂದೆ ಬರುವ ಪದ ಇದರ ಮೇಲೆ ನಿಂತಿದೆ. ನಾವು ‘ಚೆನ್ನಾಗಿ ಹಾಡ್ತಾಳೆ’ ಅಂತೀವಿ, ‘ಚೆನ್ನಾಗಿ ಕಾಣ್ತಾಳೆ’ ಅಂತಲೂ ಅಂತೀವಿ. ಕನ್ನಡಕ್ಕೆ ಎರಡೂ ಕಡೆ ಒಂದೇ ‘ಚೆನ್ನಾಗಿ’. ಇಂಗ್ಲಿಷ್ ಇವನ್ನು ಬೇರೆ ಮಾಡುತ್ತೆ: ‘ಶೀ ಸಿಂಗ್ಸ್ ವೆಲ್’, ಆದರೆ ‘ಶೀ ಲುಕ್ಸ್ ಗುಡ್’. ಹಾಡುವುದು ಕೆಲಸ, ಅದನ್ನು ಹೇಗೆ ಮಾಡಿದಳು ಅಂತ ಹೇಳುವುದು ಅಡ್ವರ್ಬ್. ಕಾಣುವುದರಲ್ಲಿ ಅವಳದ್ದೇನೂ ಕೆಲಸವಿಲ್ಲ, ಮಾತು ಅವಳ ಬಗ್ಗೆ, ಹಾಗಾಗಿ ಅಡ್ಜೆಕ್ಟಿವ್. ನಮ್ಮ ‘ಆಗಿ’ ಇಲ್ಲೇ ದಾರಿ ತಪ್ಪಿಸುವುದು. ‘ಸಿಹಿಯಾಗಿದೆ’ ಅಂತ ಯೋಚಿಸಿದವರು ‘ದ ಮ್ಯಾಂಗೋ ಟೇಸ್ಟ್ಸ್ ಸ್ವೀಟ್ಲಿ’ ಅಂದುಬಿಡುತ್ತಾರೆ. ‘ಸ್ವೀಟ್’ ಸಾಕು. ‘ಐ ಫೀಲ್ ಬ್ಯಾಡ್’ ಕೂಡ ಹಾಗೇ. ‘ಬ್ಯಾಡ್ಲಿ’ ಅಂದರೆ ಇನ್ನೂ ಶುದ್ಧ ಇಂಗ್ಲಿಷ್ ಅಂದುಕೊಳ್ಳುವವರು ಇಂಗ್ಲಿಷ್ ಮನೆಮಾತಿನವರಲ್ಲೂ ಇದ್ದಾರೆ. ನನ್ನ ಮಟ್ಟಿಗೆ ಅದು ಗ್ರಾಮರಿಗೆ ಅತಿಯಾಗಿ ಹೆದರಿದವರ ಇಂಗ್ಲಿಷ್.

‘ಬಿಕಮ್’, ‘ಗೆಟ್’, ‘ಟರ್ನ್’, ‘ಗ್ರೋ’ಗಳಿಗೆ ಹೆದರಬೇಡಿ. ಎಲ್ಲ ನಮ್ಮ ‘ಆಗು’ವಿನ ಬೇರೆ ಬೇರೆ ವೇಷಗಳು: ಕೂದಲು ಬೆಳ್ಳಗಾಯ್ತು, ಅವಳು ಸುಸ್ತಾದಳು, ಎಲೆ ಹಳದಿಯಾಯ್ತು. ‘ದ ಮಿಲ್ಕ್ ವೆಂಟ್ ಬ್ಯಾಡ್’ ಬಂದಾಗ ಮಾತ್ರ ಕ್ಲಾಸಿನಲ್ಲಿ ಯಾರಾದರೂ “ಹಾಲು ಎಲ್ಲಿಗೆ ಹೋಯ್ತು ಮೇಡಂ?” ಅಂತಾರೆ. ‘ಹಾಲು ಕೆಟ್ಟುಹೋಯ್ತು’ ಅಂದಾಗ ಎಲ್ಲಿಗೆ ಹೋಗಿತ್ತೋ ಅಲ್ಲಿಗೇ!

ಕೊನೆಗೆ ಎಲ್ಲರೂ ಕೇಳುವುದು ‘ಹೌ ಆರ್ ಯು’ಗೆ ‘ಐ ಆಮ್ ಗುಡ್’ ಅನ್ನಬಹುದಾ ಅಂತ. ಅನ್ನಬಹುದು. ‘ಐ ಆಮ್ ವೆಲ್’ ಕೂಡ ಸರಿ, ಅಲ್ಲಿ ‘ವೆಲ್’ ಅಂದರೆ ಆರೋಗ್ಯವಾಗಿದ್ದೇನೆ ಅಂತ, ಅದೂ ಅಡ್ಜೆಕ್ಟಿವೇ. ‘ಐ ಆಮ್ ಡೂಯಿಂಗ್’ ಅಂತ ಶುರು ಮಾಡಿದರೆ ಕೆಲಸದ ಪದ ಬಂತು, ಆಗ ‘ವೆಲ್’ ಹಾಕಿ. ‘ಡೂಯಿಂಗ್ ಗುಡ್’ ಅಂತ ಅಮೆರಿಕನ್ನರು ಮಾತಿನಲ್ಲಿ ಅನ್ನುತ್ತಾರೆ, ಸ್ನೇಹಿತರ ಜೊತೆ ನೀವೂ ಅನ್ನಿ, ಇಂಟರ್‌ವ್ಯೂನಲ್ಲಿ ಬೇಡ.