ಸುತ್ತದೆ ಬಿಟ್ಟ ಕಾಗದ

2003ರ ಜುಲೈ 1ರ ಬೆಳಿಗ್ಗೆ, ಮಂಗಳೂರಿನ ಒಂದು ಸಾಧಾರಣ ಮುದ್ರಣಾಲಯದಲ್ಲಿ, ಹಿಂದಿನ ರಾತ್ರಿ ನಾನು ಮಾಡಿಟ್ಟಿದ್ದ ತಪ್ಪು ಒಂದೊಂದೇ ಹಾಳೆಯಾಗಿ ಯಂತ್ರದ ಇನ್ನೊಂದು ತುದಿಯಲ್ಲಿ ಬಂದು ಬೀಳತೊಡಗಿತು. ನಾನು ಆಗ ಹೆಲ್ಪರ್. ಸೇರಿ ಒಂದು ವರ್ಷವಾಗಿತ್ತು.

ಕೆಲಸ ಕಾಲೇಜೊಂದರ ವಾರ್ಷಿಕ ಸಂಚಿಕೆಯದು. ಹಿಂದಿನ ಶೈಕ್ಷಣಿಕ ವರ್ಷದ ಸಂಚಿಕೆ ಮುಂದಿನ ವರ್ಷದ ಮಳೆಗಾಲದಲ್ಲಿ ಅಚ್ಚಾಗುವುದು ನಮ್ಮಲ್ಲಿ ವಾಡಿಕೆಯೇ ಆಗಿತ್ತು. ನಡುವೆ ಸೇರಿಸಬೇಕಾದ ಬಣ್ಣದ ಚಿತ್ರಗಳಿಗಾಗಿ 130 ಜಿಎಸ್‌ಎಮ್ ತೂಕದ, ನುಣುಪು ಮೈಯ ಆರ್ಟ್ ಪೇಪರ್ ತರಿಸಿದ್ದರು. 2,000 ಪ್ರತಿಗಳಿಗೆ ವೇಸ್ಟೇಜ್ ಸೇರಿ 2,150 ಹಾಳೆ. ನಮ್ಮದು ಎರಡು ಬಣ್ಣದ ಆಫ್‌ಸೆಟ್ ಯಂತ್ರವಾದ್ದರಿಂದ ನಾಲ್ಕು ಬಣ್ಣದ ಕೆಲಸವನ್ನು ಎರಡು ಸಲ ಓಡಿಸಬೇಕಿತ್ತು: ಮೊದಲು ಕಪ್ಪು ಮತ್ತು ನೀಲಿ, ಆಮೇಲೆ ಪ್ಲೇಟು ಬದಲಿಸಿ ರೋಲರು ತೊಳೆದು ಕೆಂಪು ಮತ್ತು ಹಳದಿ. ಮೊದಲ ಸುತ್ತು ಮುಗಿಯುವಾಗ ರಾತ್ರಿ ಎಂಟೂವರೆ. ಆಪರೇಟರ್ ಅಣ್ಣ ಕೈ ತೊಳೆದುಕೊಳ್ಳುತ್ತಾ, “ಪ್ಲಾಸ್ಟಿಕ್ ಹಾಕಿ ಸುತ್ತಿ ಇಟ್ಟು ಹೋಗು, ಬೆಳಿಗ್ಗೆ ಬೇಗ ಶುರು ಮಾಡುವ” ಎಂದು ಹೇಳಿ ಹೊರಟರು. ನನಗೆ ಕೊನೆಯ ಬಸ್ಸಿನ ಚಿಂತೆ ಇದ್ದುದು ನಿಜ, ಆದರೆ ಅದೊಂದೇ ಕಾರಣವಾಗಿರಲಿಲ್ಲ. ಶಾಯಿ ಇನ್ನೂ ಹಸಿಯಿದೆ, ಸುತ್ತಿಟ್ಟರೆ ಒಂದರ ಬಣ್ಣ ಮೇಲಿನದರ ಬೆನ್ನಿಗೆ ಅಂಟೀತು, ಗಾಳಿಯಾಡಿದರೆ ಬೆಳಗಾಗುವುದರೊಳಗೆ ಒಣಗೀತು ಎಂದು ಯಾರೂ ಕೇಳದ ಬುದ್ಧಿಯನ್ನು ನಾನು ಓಡಿಸಿದ್ದೆ. ಜೂನ್ ಕೊನೆಯ ಮಂಗಳೂರಿನ ಗಾಳಿ ಬಟ್ಟೆಯನ್ನೇ ಒಣಗಿಸುವುದಿಲ್ಲ ಎಂಬುದು ಆಗ ನೆನಪಾಗಲಿಲ್ಲ.

ಬೆಳಿಗ್ಗೆ ಕಟ್ಟಿನ ಅಂಚುಗಳು ಹಪ್ಪಳದಂತೆ ಅಲೆಯಲೆಯಾಗಿದ್ದವು. ಕಾಗದ ನೀರು ಹೀರಿ ಹಿಗ್ಗಿತ್ತು. ಹಿಗ್ಗುವಾಗ ತನ್ನ ಮೇಲೆ ಆಗಲೇ ಮೂಡಿದ್ದ ಕಪ್ಪು ನೀಲಿಗಳನ್ನೂ ಜೊತೆಗೇ ಎಳೆದುಕೊಂಡು ಹೋಗಿತ್ತು. ಕೆಂಪು ಹಳದಿಗಳ ಪ್ಲೇಟುಗಳು ಮಾತ್ರ ಹಳೆಯ ಅಳತೆಯಲ್ಲೇ ಇದ್ದವು. ಯಂತ್ರವು ಹಾಳೆಯನ್ನು ಕಚ್ಚಿಕೊಳ್ಳುವ ಗ್ರಿಪ್ಪರ್ ಕಡೆಯಲ್ಲಿ ನಾಲ್ಕು ಬಣ್ಣಗಳೂ ಒಂದರ ಮೇಲೊಂದು ಸರಿಯಾಗಿಯೇ ಕೂತರೆ, ಬಾಲದ ಕಡೆಯ ಎರಡೂ ಮೂಲೆಗಳಲ್ಲಿ ಅರ್ಧ ಮಿಲಿಮೀಟರಿನಷ್ಟು ಬೇರೆಯಾಗಿದ್ದವು. ಓದುಗರಿಗೆ ಅರ್ಧ ಮಿಲಿಮೀಟರ್ ಎಂದರೆ ಏನೂ ಅಲ್ಲ ಎನ್ನಿಸಬಹುದು. ಆದರೆ ಆ ಮೂಲೆಗಳಲ್ಲಿ ಇದ್ದುದು ಅಂತಿಮ ವರ್ಷದ ವಿದ್ಯಾರ್ಥಿಗಳ ಗುಂಪುಚಿತ್ರ. ಅಂಚಿನಲ್ಲಿ ನಿಂತ ಪ್ರತಿಯೊಬ್ಬರ ತುಟಿಯ ಬಣ್ಣವೂ ತುಟಿಯನ್ನು ಬಿಟ್ಟು ಪಕ್ಕಕ್ಕೆ ಸರಿದಿತ್ತು.

ಅಣ್ಣ ಭೂತಗನ್ನಡಿಯನ್ನು, ಬಣ್ಣಗಳು ಒಂದರ ಮೇಲೊಂದು ಕೂತಿವೆಯೇ ಎಂದು ತೋರಿಸುವ ರಿಜಿಸ್ಟರ್ ಗುರುತಿನ ಮೇಲಿಟ್ಟು ನೋಡಿದರು. ಪ್ಲೇಟನ್ನು ಎಳೆದು ನೋಡಿದರು, ಹಾಳೆಯ ಪಕ್ಕದ ಅಂಚನ್ನು ಜಾಗಕ್ಕೆ ತರುವ ಸೈಡ್ ಲೇ ಸರಿಸಿ ನೋಡಿದರು. ಒಂದು ಮೂಲೆ ಕೂಡಿದರೆ ಇನ್ನೊಂದು ಬಿಡುತ್ತಿತ್ತು. ಯಂತ್ರ ನಿಲ್ಲಿಸಿ ನನ್ನ ಕಡೆ ತಿರುಗಿ, “ಎಂತ ಮಾರಾಯ, ನೀನು ಸುತ್ತಿ ಇಡ್ಲಿಲ್ವಾ?” ಎಂದರು. ಇಲ್ಲವೆಂದೆ. ಅವರು ಮತ್ತೇನೂ ಹೇಳಲಿಲ್ಲ. ಧಣಿಗಳು ಬಂದಾಗ ಹೇಳಿದ್ದು ಮಾತ್ರ ನನಗೆ ಇಂದಿಗೂ ಅಕ್ಷರಶಃ ನೆನಪಿದೆ: “ನಾನು ನೋಡಿಯೇ ಹೋಗಬೇಕಿತ್ತು. ನನ್ನದೇ ತಪ್ಪು.”

ಈ ಮಾತು ಅರ್ಥವಾಗಬೇಕಾದರೆ ಪ್ರೆಸ್ಸಿನೊಳಗಿನ ಅಂತಸ್ತನ್ನು ಸ್ವಲ್ಪ ವಿವರಿಸಬೇಕು. ಹೊರಗಿನವರು ಹುದ್ದೆಯ ಹೆಸರುಗಳನ್ನು ಕೇಳುತ್ತಾರೆ. ಒಳಗೆ ನಡೆಯುವುದು ಯಾರು ಯಾವುದನ್ನು ಮುಟ್ಟಬಹುದು ಎಂಬ ಲೆಕ್ಕ. ಹೆಲ್ಪರ್ ಮುಟ್ಟುವುದು ಸೀಮೆಎಣ್ಣೆಯ ಬಟ್ಟೆ, ರೋಲರು, ಮತ್ತು ಬೀಸಿ ಗಾಳಿ ಸೇರಿಸಿ ಫೀಡರಿಗೆ ಏರಿಸುವ ಕಾಗದ. ಅವನ ಮೇಲೆ ಸ್ವಲ್ಪ ನಂಬಿಕೆ ಬಂದ ಮೇಲೆ ನೀರನ್ನು ಬಿಟ್ಟುಕೊಡುತ್ತಾರೆ. ಆಫ್‌ಸೆಟ್ಟಿನಲ್ಲಿ ನೀರೇ ಅರ್ಧ ವಿದ್ಯೆ: ಅಲ್ಯೂಮಿನಿಯಂ ಪ್ಲೇಟಿನ ಮೇಲೆ ಚಿತ್ರವಿರುವ ಭಾಗ ಶಾಯಿಯನ್ನು, ಚಿತ್ರವಿಲ್ಲದ ಭಾಗ ನೀರನ್ನು ಹಿಡಿದುಕೊಳ್ಳುತ್ತದೆ; ನೀರು ಕಡಿಮೆಯಾದರೆ ಖಾಲಿ ಜಾಗಕ್ಕೂ ಮಸಿ ಹತ್ತುತ್ತದೆ, ಹೆಚ್ಚಾದರೆ ಶಾಯಿಯೊಳಗೆ ಬೆರೆತು ಬಣ್ಣ ಪೇಲವವಾಗುತ್ತದೆ. ಅದಾದ ಮೇಲೆ ಶಾಯಿಯ ತಿರುಪುಗಳು. ಕಟ್ಟಕಡೆಗೆ ಬರುವುದು ಪೆನ್ನು. ಓಕೆ ಆದ ಹಾಳೆಯ ಮೇಲೆ ಸಹಿ ಹಾಕುವವನೇ ಆಪರೇಟರ್, ಮತ್ತು ಸಹಿ ಹಾಕಿದ ಮೇಲೆ ಆ ಕೆಲಸದಲ್ಲಿ ಆಗುವ ಎಲ್ಲವೂ ಅವನದು, ಹೆಲ್ಪರ್ ಸುತ್ತದೆ ಬಿಟ್ಟ ಕಾಗದವೂ ಸೇರಿದಂತೆ. ಐಟಿಐಗಳಲ್ಲಿ ಈ ಕೆಲಸಕ್ಕೆ ‘ಆಫ್‌ಸೆಟ್ ಮೆಷಿನ್ ಮೈಂಡರ್’ ಎಂಬ ಹೆಸರಿದೆ, ಅಪ್ರೆಂಟಿಸ್‌ಗಿರಿಗೂ ದಾರಿಯಿದೆ. ಯಂತ್ರವನ್ನು ನೋಡಿಕೊಳ್ಳುವವನು ಎಂಬ ಆ ಹೆಸರು ‘ಆಪರೇಟರ್’ ಎಂಬುದಕ್ಕಿಂತ ನನಗೆ ಹಿಡಿಸುತ್ತದೆ. ನಮ್ಮಲ್ಲಿ ಮುದ್ರಣ ಕಲಿತು ಪ್ರಮಾಣಪತ್ರ ಪಡೆದು ಬಂದಿದ್ದವರು ಪ್ಲೇಟ್ ಮಾಡುವವರೊಬ್ಬರೇ. ಉಳಿದವರೆಲ್ಲ ಬಟ್ಟೆ ಹಿಡಿದೇ ಮೇಲೆ ಬಂದವರು.

ಅಂದು ಪತ್ರಿಕಾ ದಿನ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಬಂದ ನೆನಪಿಗೆ ಊರಿನಲ್ಲಿ ಎಲ್ಲೋ ಸಮಾರಂಭ ನಡೆಯುತ್ತಿತ್ತು. ಅದರ ಆಮಂತ್ರಣವನ್ನು ಅಚ್ಚು ಹಾಕಿದ್ದೂ ನಾವೇ. ಮಧ್ಯಾಹ್ನ ಊಟಕ್ಕೆ ಕೂತಾಗ ಪ್ಲೇಟ್‌ಮೇಕರ್, ಆ ಪತ್ರಿಕೆ ಸೀಸದ ಅಕ್ಷರದ ಮೊಳೆ ಜೋಡಿಸಿ ಮಾಡಿದ್ದಲ್ಲ, ಕಲ್ಲಚ್ಚಿನಲ್ಲಿ ತೆಗೆದದ್ದು ಎಂದು ಹೇಳಿದರು. ಕಲ್ಲಚ್ಚಿನ ಸೂತ್ರವೂ ಜಿಡ್ಡು ಮತ್ತು ನೀರಿನ ಹಗೆತನವೇ ಆದ್ದರಿಂದ, ನಮ್ಮ ಆಫ್‌ಸೆಟ್ ಯಂತ್ರವು ಮೊಳೆಯಿಂದ ಅಚ್ಚು ಹಾಕುವ ಹಳೆಯ ಟ್ರೆಡಲ್‌ಗಿಂತ ಆ ಕಲ್ಲಿಗೇ ಹತ್ತಿರದ ನೆಂಟ. ನಾನು ಅನ್ನ ಕಲಸುತ್ತ ಸುಮ್ಮನೆ ಕೂತಿದ್ದುದನ್ನು ಕಂಡು ಅವರು ಇನ್ನೊಂದು ಕಥೆಯನ್ನೂ ಸೇರಿಸಿದರು. ಅಮೆರಿಕದ ನ್ಯೂಜೆರ್ಸಿಯಲ್ಲಿ 1904ರ ಸುಮಾರಿಗೆ ಐರಾ ರೂಬೆಲ್ ಎಂಬವರ ಯಂತ್ರದಲ್ಲಿ ಹಾಳೆ ಹಾಕುವವನು ಒಂದು ಹಾಳೆಯನ್ನು ತಪ್ಪಿಸಿಬಿಟ್ಟನಂತೆ. ಚಿತ್ರ ಕಾಗದಕ್ಕೆ ಬೀಳುವ ಬದಲು ಕೆಳಗಿನ ರಬ್ಬರ್ ಹೊದಿಕೆಗೆ ಬಿತ್ತು. ಮುಂದಿನ ಹಾಳೆ ಬಂದಾಗ ಅದರ ಹಿಂಬದಿಗೆ ರಬ್ಬರಿನಿಂದ ಅಚ್ಚಾದ ಚಿತ್ರವು ಮುಂಬದಿಯದಕ್ಕಿಂತ ಸ್ಪಷ್ಟವಾಗಿ ಕಂಡಿತು. ಅದರಿಂದಲೇ ಪ್ಲೇಟು ಕಾಗದವನ್ನು ಮುಟ್ಟದೆ ರಬ್ಬರ್ ಬ್ಲಾಂಕೆಟ್ಟಿನ ಮೂಲಕ ಅಚ್ಚಾಗುವ ಈ ವಿಧಾನ ಬಂದದ್ದು. “ನಿನ್ನ ಹಾಗಿನ ಒಬ್ಬನಿಂದ ನಮಗೆಲ್ಲ ಅನ್ನ ಹುಟ್ಟಿತು ನೋಡು” ಎಂದು ಅವರು ನಕ್ಕರು. ನನಗೆ ನಗಲಾಗಲಿಲ್ಲ. ರೂಬೆಲ್‌ನ ಕೆಲಸಗಾರನು ಕಳೆದದ್ದು ಒಂದು ಹಾಳೆ, ನಾನು ಕಳೆದದ್ದು, ಐನೂರು ಹಾಳೆಗೊಂದು ರೀಮಿನಂತೆ, ನಾಲ್ಕು ರೀಮಿಗಿಂತ ಹೆಚ್ಚು.

ಧಣಿಗಳು ಹೊಸ ಕಾಗದ ತರಿಸಿ ಎರಡು ದಿನ ತಡವಾಗಿ ಕೆಲಸ ಮುಗಿಸಿದರು. ನನ್ನ ಸಂಬಳ ಹಿಡಿಯಲಿಲ್ಲ. ಯಂತ್ರದಿಂದ ಬಿಡಿಸಿ ಒಂದು ತಿಂಗಳು ಕಟ್ಟಿಂಗಿಗೆ ಹಾಕಿದರು. ಮೆಷಿನ್ ವಿಭಾಗದ ಹುಡುಗರ ಕಣ್ಣಿನಲ್ಲಿ ಅದು ಹಿಂಬಡ್ತಿಯೇ ಆಗಿತ್ತು. ಪುಸ್ತಕದ ಫಾರಂ ಮಡಿಚಿ, ಜೋಡಿಸಿ, ಹೊಲಿಯುವ ಬೈಂಡಿಂಗಿನ ಹೆಂಗಸರ ಪಕ್ಕದಲ್ಲಿ ನಿಂತು ದಿನವಿಡೀ ಕಾಗದ ಹೊರುವುದಕ್ಕೆ ನನಗೂ ನಾಚಿಕೆಯಾಗುತ್ತಿತ್ತು. ಆ ಹೆಂಗಸರ ಬೆರಳಿಗೆ ಹೆಚ್ಚು ಹಾಳೆ ಬಂದರೂ ಕಡಿಮೆ ಬಂದರೂ ಎಣಿಸದೆಯೇ ತಿಳಿಯುತ್ತಿತ್ತು. ಆದರೂ ಅವರಿಗೆ ಕೊಡುತ್ತಿದ್ದುದು ನನಗಿಂತ ಕಡಿಮೆ ಕೂಲಿ, ಮತ್ತು ಅವರಲ್ಲಿ ಯಾರನ್ನೂ ಯಂತ್ರದ ಹತ್ತಿರಕ್ಕೆ ಕರೆದದ್ದನ್ನು ನಾನು ಅಲ್ಲಿದ್ದಷ್ಟು ಕಾಲವೂ ಕಾಣಲಿಲ್ಲ.

ಕಟ್ಟಿಂಗ್ ಯಂತ್ರ ನಡೆಸುತ್ತಿದ್ದ ಹಿರಿಯರನ್ನು ಎಲ್ಲರೂ ಮಾಮ ಎಂದೇ ಕರೆಯುತ್ತಿದ್ದರು. ಅವರು ಮೊಳೆ ಜೋಡಿಸುವ ಕಂಪೋಸಿಟರ್ ಆಗಿ ಶುರುಮಾಡಿ, ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿ ಬಂದು ಆ ಕೆಲಸ ಹೋದ ಮೇಲೆ ಬ್ಲೇಡಿಗೆ ಬಂದವರು. ಬ್ಲೇಡು ಇಳಿಯುವಾಗ ತಮ್ಮ ಜೊತೆ ಮಾತನಾಡಬಾರದು ಎಂಬುದು ಅವರ ಮೊದಲ ಮತ್ತು ಕೊನೆಯ ಕಟ್ಟಳೆ. ಎರಡನೆಯ ದಿನ ಅವರು ಅದೇ ಹಾಳಾದ ಕಟ್ಟಿನಿಂದ ಒಂದು ಹಾಳೆ ಎತ್ತಿ ಕೈಗೆ ಕೊಟ್ಟು ಹರಿಯಲು ಹೇಳಿದರು. ಒಂದು ದಿಕ್ಕಿಗೆ ನೇರವಾಗಿ ಹರಿಯಿತು, ಇನ್ನೊಂದು ದಿಕ್ಕಿಗೆ ಸೊಟ್ಟಗೆ. ನೇರವಾಗಿ ಹರಿದ ಕಡೆಗೇ ಅದರ ಗ್ರೇನ್, ಅಂದರೆ ನಾರಿನ ಓಟ. ತೇವ ತಾಗಿದಾಗ ನಾರು ಉದ್ದಕ್ಕೆ ಬೆಳೆಯುವುದು ಅತ್ಯಲ್ಪ, ದಪ್ಪವಾಗುವುದೇ ಹೆಚ್ಚು. ಹಾಗಾಗಿ ಕಾಗದ ಹಿಗ್ಗುವುದು ಗ್ರೇನಿಗೆ ಅಡ್ಡಲಾಗಿ. ಗ್ರೇನು ಸಿಲಿಂಡರಿನ ಉದ್ದಕ್ಕೆ ಸಮನಾಗಿ ಬರುವಂತೆ ಕತ್ತರಿಸಿಕೊಟ್ಟರೆ ಹಿಗ್ಗು ಸಿಲಿಂಡರನ್ನು ಸುತ್ತುವ ದಿಕ್ಕಿಗೆ ಹೋಗುತ್ತದೆ, ಅದನ್ನು ಆಪರೇಟರು ಪ್ಲೇಟಿನಡಿಗೆ ಹಾಸುವ ತೆಳು ಹಾಳೆಗಳನ್ನು, ಅಂದರೆ ಪ್ಯಾಕಿಂಗನ್ನು, ಬದಲಿಸಿ ಒಂದಿಷ್ಟು ಸರಿದೂಗಿಸಬಲ್ಲ. ಅಡ್ಡಲಾಗಿ ಕತ್ತರಿಸಿದರೆ ಅವನು ಏನೂ ಮಾಡಲಾರ. “ನಾನು ಸರಿಯಾಗಿಯೇ ಕತ್ತರಿಸಿ ಕೊಟ್ಟದ್ದು. ನೀನು ಮಳೆಗೆ ಕೊಟ್ಟೆ” ಎಂದರು ಮಾಮ, ಸಿಟ್ಟಿಲ್ಲದೆ.

ಆ ಒಂದು ತಿಂಗಳಿನಲ್ಲಿ ಕಲಿತಷ್ಟು ಕಾಗದದ ವಿಷಯವನ್ನು ಯಂತ್ರದ ಮೇಲಿನ ವರ್ಷಗಳು ನನಗೆ ಕಲಿಸಲಿಲ್ಲ. ಮರಳಿ ಬಂದಾಗ ಅಣ್ಣ ನೀರನ್ನು ಬಿಟ್ಟುಕೊಟ್ಟರು. 2005ರ ಹೊತ್ತಿಗೆ ಶಾಯಿಯೂ ಕೈಗೆ ಬಂತು. ಮುಂದೆ ಬೇರೆ ಊರಿಗೆ, ನಾಲ್ಕು ಬಣ್ಣದ ಯಂತ್ರಕ್ಕೆ, ಅಲ್ಲಿಂದ ಪೆಟ್ಟಿಗೆ ಮುದ್ರಿಸುವ ಪ್ರೆಸ್ಸಿನ ಸೂಪರ್‌ವೈಸರ್ ಹುದ್ದೆಗೆ ನಡೆದದ್ದು ಎಲ್ಲರದೂ ಇರುವಂಥ ಕಥೆಯೇ. ಫಿಲ್ಮ್ ಹೋಗಿ ಕಂಪ್ಯೂಟರಿನಿಂದ ನೇರ ಪ್ಲೇಟಿಗೆ ಹೋಗುವ ಸಿಟಿಪಿ ಬಂತು, ಬಣ್ಣ ಅಳೆಯಲು ಡೆನ್ಸಿಟೋಮೀಟರ್ ಬಂತು, ಫಿಲ್ಮಿನ ತುಂಡುಗಳನ್ನು ಅಂಟಿಸಿ ಪುಟ ಜೋಡಿಸುವ ಪೇಸ್ಟಿಂಗ್ ಮಾಡುತ್ತಿದ್ದವರು ಬೇರೆ ಕೆಲಸ ಹುಡುಕಿಕೊಂಡರು. ಈಗ ಕೆಲಸ ಕೇಳಿ ಬರುವ ಹುಡುಗರಿಗೆ, ಈಚೆಗೆ ಒಬ್ಬಿಬ್ಬರು ಹುಡುಗಿಯರಿಗೂ, ನಾನು ಮೊದಲು ಒಂದು ಹಾಳೆ ಕೊಟ್ಟು ಗ್ರೇನ್ ಯಾವ ಕಡೆಗಿದೆ ಎಂದು ಕೇಳುತ್ತೇನೆ. ಗೊತ್ತಿಲ್ಲದವರನ್ನೂ ತೆಗೆದುಕೊಳ್ಳುತ್ತೇನೆ, ಹರಿದು ನೋಡಲು ಹಿಂಜರಿಯುವವರ ಬಗ್ಗೆ ಮಾತ್ರ ಸ್ವಲ್ಪ ಯೋಚಿಸುತ್ತೇನೆ.

ಅಂದು ಹಾಳಾದ ಹಾಳೆಗಳನ್ನು ರದ್ದಿಗೆ ಹಾಕಿರಲಿಲ್ಲ. ಹೊಸ ಕೆಲಸ ಶುರುವಾಗುವಾಗ ಶಾಯಿ, ನೀರು ಸಮಕ್ಕೆ ಬರುವವರೆಗೆ ಓಡಿಸಲು ಎಲ್ಲ ಪ್ರೆಸ್ಸಿನಲ್ಲೂ ಹಳೆಯ ಹಾಳೆಗಳು ಬೇಕು. ನನ್ನ ಕಟ್ಟು ಆ ಕೆಲಸಕ್ಕೆ ಬಿತ್ತು. ಹಾಗಾಗಿ ಮದುವೆಯ ಕಾಗದವಾಗಲಿ, ಬೇಕರಿಯ ಲೇಬಲ್ಲಾಗಲಿ, ಯಾವುದನ್ನು ಏರಿಸಿದರೂ ಅದರ ಅಡಿಯಿಂದ ತುಟಿ ಸರಿದ ಆ ವಿದ್ಯಾರ್ಥಿಗಳು ಎರಡು ವರ್ಷ ನನ್ನನ್ನು ನೋಡುತ್ತಿದ್ದರು. ನಾನು ಮೊದಲ ಸಲ ಓಕೆ ಹಾಳೆಗೆ ಸಹಿ ಹಾಕಿದ ದಿನ ಕಟ್ಟಿನಲ್ಲಿ ಹತ್ತಿಪ್ಪತ್ತು ಮಾತ್ರ ಉಳಿದಿದ್ದವು. ಮಾಮ ಬಂದು ಅವನ್ನು ಎತ್ತಿಕೊಂಡು ಹೋಗಿ, ಅಳತೆಗೆ ಕತ್ತರಿಸಿ, ತಮ್ಮ ಬುತ್ತಿ ಇಡುವ ಕಪಾಟಿಗೆ ಹಾಸಿದರು.