ಬೆಕ್ಕಿನ ಮುಖ ಸ್ಪಷ್ಟವಾಗಿಲ್ಲ

ಸಾಕುಪ್ರಾಣಿಗಳನ್ನು ಕಾರಿನಲ್ಲಿ ಊರಿಂದೂರಿಗೆ ತಲುಪಿಸುವ ಸಂಸ್ಥೆಯೊಂದರಲ್ಲಿ ನಾನು ಚಾಲಕ. ಪ್ರತಿ ಸ್ಟಾಪಿನಲ್ಲೂ ಪ್ರಾಣಿಯ ಮುಖ ಸ್ಪಷ್ಟವಾಗಿ ಕಾಣುವ ಫೋಟೊ ಹಾಕದಿದ್ದರೆ ನಮ್ಮ ಆ್ಯಪ್‌ನಲ್ಲಿ ಟ್ರಿಪ್ ಮುಂದಕ್ಕೆ ಹೋಗುವುದಿಲ್ಲ. ಸೀಟಿನ ಮೇಲೆ ಕುಳಿತು ಕ್ಯಾಮೆರಾವನ್ನೇ ನೋಡುವ ನಾಯಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೋ ಮಾಡಿದ ನಿಯಮವದು.

ಆ ಮಳೆಗಾಲದ ಟ್ರಿಪ್ ಬೆಂಗಳೂರಿನಿಂದ ಮಂಗಳೂರಿಗೆ. ಪಾರ್ಟಿಯವರು, ಅಂದರೆ ಬೆಕ್ಕಿನ ಮಾಲೀಕರು, ಎಲ್ಲವನ್ನೂ ಕ್ರಮವಾಗಿಯೇ ಮಾಡಿದ್ದರು: ಬೆಳಗ್ಗೆ ಬೆಕ್ಕಿಗೆ ಊಟ ಹಾಕಿರಲಿಲ್ಲ, ಪ್ರಯಾಣದ ಗಾಬರಿ ತಗ್ಗಿಸಲು ವೈದ್ಯರು ಬರೆದುಕೊಟ್ಟ ಗ್ಯಾಬಪೆಂಟಿನ್ ಔಷಧವನ್ನು ಹೊರಡುವುದಕ್ಕೆ 2 ಗಂಟೆ ಮೊದಲೇ ಕೊಟ್ಟಿದ್ದರು, ಬೆಕ್ಕನ್ನು ಒಯ್ಯುವ ಪೆಟ್ಟಿಗೆಯಾದ ಕ್ಯಾರಿಯರ್‌ನೊಳಗೆ ಅದು ದಿನವೂ ಮಲಗುವ ಹಳೆಯ ಹೊದಿಕೆಯನ್ನೇ ಹಾಸಿದ್ದರು. ಕ್ಯಾರಿಯರ್ ಅನ್ನು ಮುಂದಿನ ಸೀಟಿನ ಹಿಂದೆ ಕೆಳಗಡೆ ಅಲುಗದಂತೆ ಇರಿಸಿ, ತೆಳುವಾದ ಬಟ್ಟೆ ಮುಚ್ಚಿದೆ. ನೆಲಮಂಗಲ ದಾಟುವವರೆಗೂ ಕೂಗಿ ಬೆಕ್ಕು ಸುಮ್ಮನಾಯಿತು. ಹೊಸ ಚಾಲಕರು ಇದನ್ನು ಸಮಾಧಾನವೆಂದು ತಿಳಿಯುತ್ತಾರೆ. ಬಟ್ಟೆ ಸರಿಸಿ ನೋಡಬೇಕು. ಜೊಲ್ಲು ಸುರಿಯುತ್ತಿದ್ದರೆ ವಾಂತಿ ಹತ್ತಿರವಿದೆ, ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಗಾಡಿ ನಿಲ್ಲಿಸಲೇಬೇಕು.

ಶಿರಾಡಿ ಘಾಟಿ ಇಳಿಯುವ ಮುನ್ನ ಸಕಲೇಶಪುರದಲ್ಲಿ ನಿಲ್ಲಿಸಿ, ಜಾಲರಿಯ ಮೂಲಕ ಫೋಟೊ ತೆಗೆದು ಹಾಕಿದೆ. ರಿಜೆಕ್ಟ್. ಮತ್ತೊಂದು ಹಾಕಿದೆ, ಅದೂ ರಿಜೆಕ್ಟ್. ಟ್ರಿಪ್‌ಗಳನ್ನು ನೋಡಿಕೊಳ್ಳುವ ನಮ್ಮ ಆಫೀಸಿನ ಡೆಸ್ಕ್‌ನಿಂದ ಫೋನ್ ಬಂತು: “ಸರ್, ಮುಖ ಕ್ಲಿಯರ್ ಆಗಿಲ್ಲ, ಇನ್ನೊಂದು ಹಾಕಿ.” ಗ್ಲಾಸುಗಳು ಏರಿವೆ, ಡೋರ್‌ಗಳು ಲಾಕ್ ಆಗಿವೆ, ಬೆಕ್ಕಿಗೆ ಔಷಧದ ಮಂಪರು ಬೇರೆ ಇದೆ ಎಂದು ಲೆಕ್ಕ ಹಾಕಿ ಕ್ಯಾರಿಯರ್‌ನ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದೆ. ತಲೆ ತೂರುವಷ್ಟು ಜಾಗ ಸಿಕ್ಕರೆ ಬೆಕ್ಕಿಗೆ ಅಷ್ಟೇ ಸಾಕು. ನನ್ನ ಮಣಿಕಟ್ಟಿನ ಮೇಲಿಂದಲೇ ಹಾದು ಮುಂದಿನ ಸೀಟಿನ ಅಡಿಗೆ, ಅಲ್ಲಿಂದ ಬ್ರೇಕ್ ಪೆಡಲ್ ಬಳಿಗೆ ಹೋಗಿ, ಡ್ಯಾಶ್‌ಬೋರ್ಡ್‌ನ ಕೆಳಗಿನ ಕತ್ತಲೆಯೊಳಗೆ ಮಾಯವಾಯಿತು.

ಕೈ ತೂರಿಸಿ ಹಿಂಗಾಲು ಹಿಡಿಯಲು ಹೋದದ್ದರಿಂದ ಅದು ಇನ್ನೂ ಮೇಲಕ್ಕೆ, ವಯರುಗಳ ನಡುವೆ ಸೇರಿಕೊಂಡಿತು. ನನ್ನ ಅಂಗೈಯಲ್ಲಿ ಉದ್ದಕ್ಕೆ ಗೀರು ಬಿತ್ತು. ಡೋರ್ ತೆರೆಯುವಂತಿರಲಿಲ್ಲ, ಏಕೆಂದರೆ ಹೊರಗೆ ಹೆದ್ದಾರಿ ಮತ್ತು ಲಾರಿಗಳು. ಬೆಕ್ಕು ಪೆಡಲ್‌ನ ಮೇಲ್ಭಾಗದಲ್ಲಿರುವಾಗ ಎಂಜಿನ್ ಚಾಲೂ ಮಾಡುವ ಧೈರ್ಯವೂ ಬರಲಿಲ್ಲ. ಎಂಜಿನ್ ಇಲ್ಲದೆ ಎಸಿ ಇಲ್ಲ. ಮಳೆ ಬೀಳುತ್ತಿದ್ದುದರಿಂದ ಬಚಾವಾದೆವು. ಇದೇ ಏಪ್ರಿಲ್‌ನಲ್ಲಿ ಆಗಿದ್ದರೆ ಮುಚ್ಚಿದ ಕಾರಿನೊಳಗೆ ಬೆಕ್ಕು ಉಳಿಯುತ್ತಿತ್ತೋ ಇಲ್ಲವೋ. ಅಷ್ಟರಲ್ಲಿ ಡೆಸ್ಕ್‌ನವರು ಫೋಟೊಗಾಗಿ ಮತ್ತೆ ಫೋನ್ ಮಾಡಿದರು.

ಕೊನೆಗೆ ಫೋನ್ ಸೈಲೆಂಟ್ ಮಾಡಿ, ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಕ್ಯಾರಿಯರ್‌ನ ಬಾಯಿ ಪೆಡಲ್ ಕಡೆಗಿರುವಂತೆ ಇಟ್ಟು, ಒಳಗೆ ಕತ್ತಲಾಗುವಂತೆ ಬಟ್ಟೆ ಮುಚ್ಚಿ, ಹಿಂದಿನ ಸೀಟಿನಲ್ಲಿ ಅಲುಗಾಡದೆ ಕುಳಿತೆ. ಅರ್ಧ ಗಂಟೆ ದಾಟಿದ ಮೇಲೆ ಬೆಕ್ಕು ತಾನಾಗಿಯೇ ಇಳಿದು ತನ್ನ ಹೊದಿಕೆಯ ಮೇಲೆ ಹೋಗಿ ಮಲಗಿತು. ನಾನು ಬಾಗಿಲು ಹಾಕಿ, ಕ್ಲಿಪ್‌ನ ಜೊತೆಗೆ ಕೇಬಲ್ ಟೈ ಕೂಡ ಬಿಗಿದೆ. ಈಗ ಬೆಕ್ಕಿನ ಟ್ರಿಪ್ ಇದ್ದರೆ ಕೇಬಲ್ ಟೈ ಪಿಕಪ್‌ನಲ್ಲಿಯೇ ಬೀಳುತ್ತದೆ; ಡ್ರಾಪ್‌ನಲ್ಲಿ ಮನೆಯ ಕೋಣೆಯೊಳಗೆ ಹೋಗಿ, ಬಾಗಿಲು ಹಾಕಿಕೊಂಡ ಮೇಲಷ್ಟೇ ಕತ್ತರಿಸುತ್ತೇನೆ.

ತಡವಾದುದಕ್ಕೆ ಇನ್ಸೆಂಟಿವ್ ಕಡಿತವಾಯಿತು. ಅದನ್ನು ಕೇಳಲು ಆಫೀಸಿಗೆ ಹೋದಾಗ, ರಿಜೆಕ್ಟ್ ಆದ ಫೋಟೊವನ್ನು ಡೆಸ್ಕ್‌ನವರೇ ಮ್ಯಾನುವಲ್ ಆಗಿ ಅಪ್ರೂವ್ ಮಾಡುವ ಬಟನ್ ಅವರ ಸ್ಕ್ರೀನ್ ಮೇಲೆ ಮೊದಲಿನಿಂದಲೂ ಇತ್ತೆಂಬುದು ತಿಳಿಯಿತು.